ಇಂಚೂ ಉಂಟು, ಸೆಂಟಿಮೀಟರೂ ಉಂಟು: ಎಂಟು ತಿಂಗಳು ಬಳಸಿದ ಐದು ಮೀಟರ್ ಟೇಪು

ಹಾಲ್‌ಗೆ ಟೈಲ್ಸ್ ಹಾಕಿಸೋ ಮೊದಲೇ ಈ ಟೇಪು ನನ್ನ ಕೈಯಲ್ಲಿ ಇರಬೇಕಿತ್ತು. ಹಾಕಿಸೋಕೆ ಶುರು ಮಾಡಿದ ದಿನ ಸಂಜೆ ಹೋಗಿ ತಂದೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಕೆಲಸ ನಡೆದಿತ್ತು. ಹಳೆ ಊರಿನ ಮಾರ್ಕೆಟ್ಟಿಗೆ ಹೋಗಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ತಗೊಂಡೆ. ಐದು ಮೀಟರಿನ ಸ್ಟೀಲ್ ಟೇಪು, ಪಟ್ಟಿಯ ಅಗಲ 19 ಎಂಎಂ, ಮೇಲಿನ ಅಂಚಿಗೆ ಇಂಚು, ಕೆಳಗಿನ ಅಂಚಿಗೆ ಸೆಂಟಿಮೀಟರ್. ಕಂಪನಿ ಹೆಸರು ಬರೆಯಲ್ಲ. ಇಂಥದ್ದೇ ಟೇಪು ಮೂರ್ನಾಲ್ಕು ಕಂಪನಿಗಳದ್ದು ಸಿಗುತ್ತದೆ, ನಾನು ಹೇಳೋದು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ.

ಮೊದಲು ಆ ಟೈಲ್ಸ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಮನೆ ಕಟ್ಟಿಸುವ ಎಷ್ಟೋ ಜನರಿಗೆ ಇದೇ ಆಗುತ್ತದೆ.

ನಮ್ಮ ಹಾಲ್ 20 ಅಡಿ ಉದ್ದ, 16 ಅಡಿ ಅಗಲ. ಅಂದರೆ 320 ಚದರ ಅಡಿ. ಅಂಗಡಿಯಲ್ಲಿ 'ಎರಡು ಬೈ ಎರಡು' ಟೈಲ್ಸ್ ಆರಿಸಿದೆವು. ಒಂದು ಟೈಲ್ಸಿಗೆ 4 ಚದರ ಅಡಿ, ಹಾಗಾದರೆ 80 ಟೈಲ್ಸ್, ಡಬ್ಬಿಗೆ ನಾಲ್ಕರಂತೆ 20 ಡಬ್ಬಿ. ಒಡೆದರೆ ಇರಲಿ ಅಂತ ಎರಡು ಡಬ್ಬಿ ಜಾಸ್ತಿ. ಒಟ್ಟು 22. ಲೆಕ್ಕ ಎಷ್ಟು ಸಲೀಸಾಗಿದೆ ನೋಡಿ. ಅಂಗಡಿಯವರೂ ಬಿಲ್ಲಿನಲ್ಲಿ 2×2 ಅಂತಲೇ ಬರೆದರು, ನಾನೂ ತಲೆಯಾಡಿಸಿದೆ.

ಹಾಕುವ ದಿನ ಬೆಳಿಗ್ಗೆ ಟೈಲ್ಸ್ ಕೆಲಸದ ಹುಡುಗ ಒಂದು ಸಾಲು ಒಣಗಲೇ ಜೋಡಿಸಿ ನೋಡಿ ನನ್ನನ್ನು ಕರೆದ.

"ಸರ, ಇಲ್ಲಿ ಗ್ವಾಡಿ ಕಡೆ ಮೂರ ಇಂಚಿನ ಪಟ್ಟಿ ಬರ್ತೈತ್ರಿ. ಚಂದ ಕಾಣಂಗಿಲ್ಲ."

"ಹೆಂಗ ಬರ್ತೈತಿ? ಇಪ್ಪತ್ತ ಫೂಟಿಗೆ ಹತ್ತ ಟೈಲ್ಸ್ ಬರೋಬ್ಬರಿ ಆಗಬೇಕಲ್ಲ."

"ಇದು ಎರಡ ಫೂಟ್ ಅಲ್ರಿ ಸರ. ಡಬ್ಬಿ ಮ್ಯಾಲ ನೋಡ್ರಿ, ಆರನೂರ ಐತಿ."

ಡಬ್ಬಿ ಮೇಲೆ 600×600 ಎಂಎಂ ಅಂತ ದೊಡ್ಡದಾಗಿಯೇ ಇತ್ತು. ಒಂದು ಅಡಿ ಅಂದರೆ 304.8 ಎಂಎಂ. ಎರಡು ಅಡಿ ಅಂದರೆ 609.6. ಒಂದೊಂದು ಟೈಲ್ಸಿನಲ್ಲೂ ಒಂಬತ್ತೂವರೆ ಎಂಎಂ ಕಡಿಮೆ. ಒಂದರಲ್ಲಿ ನೋಡಿದರೆ ಕಿರುಬೆರಳಿನಷ್ಟೂ ಇಲ್ಲ. ಆದರೆ ಹತ್ತು ಟೈಲ್ಸಿಗೆ 96 ಎಂಎಂ ಆಗುತ್ತದೆ, ನಡುವಿನ ಸಂದುಗಳನ್ನು ಕಳೆದರೂ 76 ಎಂಎಂ ಉಳಿಯುತ್ತದೆ. ಅದೇ ಆ ಮೂರು ಇಂಚಿನ ಪಟ್ಟಿ. ಅಗಲದ ಕಡೆಗೆ ಎರಡೂವರೆ ಇಂಚಿನದ್ದು ಇನ್ನೊಂದು.

ಪಟ್ಟಿ ಬೇಡ ಅಂದರೆ ಒಂದೇ ದಾರಿ. ಜೋಡಣೆಯನ್ನು ಹಾಲ್‌ನ ನಡುವಿನಿಂದ ಶುರು ಮಾಡಿ, ನಾಲ್ಕೂ ಕಡೆ ಸುಮಾರು 33 ಸೆಂಟಿಮೀಟರಿನ ತುಂಡುಗಳು ಬರೋ ಹಾಗೆ ಹಂಚಬೇಕು. ನೋಡೋಕೆ ಚೆನ್ನಾಗಿರುತ್ತದೆ, ಈಗಲೂ ಚೆನ್ನಾಗಿದೆ. ಆದರೆ ಒಂದು ಟೈಲ್ಸಿನಲ್ಲಿ ಅಂಥ ತುಂಡು ಒಂದೇ ಸಿಗುತ್ತದೆ, ಉಳಿದದ್ದು ಉಪಯೋಗಕ್ಕೆ ಬರಲ್ಲ. ಉದ್ದಕ್ಕೆ 11, ಅಗಲಕ್ಕೆ 9, ಒಟ್ಟು 99 ಟೈಲ್ಸ್ ಬೇಕಾಯಿತು. ನನ್ನ ಹತ್ತಿರ ಇದ್ದದ್ದು 88. ಮೂರು ಡಬ್ಬಿ ಮತ್ತೆ ತರೋಕೆ ಹೋದರೆ ಆ ಬ್ಯಾಚ್ ಖಾಲಿ. ಹೊಸ ಬ್ಯಾಚಿನ ಬಣ್ಣ ಒಂದು ಎಳೆಯಷ್ಟು ಗಾಢ. ಆ ಸಾಲನ್ನು ದಿವಾನದ ಕೆಳಗೆ ಬರೋ ಹಾಗೆ ಹಾಕಿಸಿದೆವು. ಬಂದವರಿಗೆ ಗೊತ್ತಾಗಲ್ಲ, ಆದರೆ ಕಸ ಗುಡಿಸುವಾಗ ನಮ್ಮ ಮನೆಯವರಿಗೆ ದಿನಾ ಕಾಣುತ್ತದೆ.

ಅವತ್ತು ಸೈಟಿನಲ್ಲಿ ಇದ್ದದ್ದು ಗೌಂಡಿ ಕಾಕಾನ, ಅಂದರೆ ನಮ್ಮ ಗಾರೆ ಕೆಲಸದವರ ಟೇಪು. ಇಪ್ಪತ್ತು ವರ್ಷದಿಂದ ಅವರ ಕೈಯಲ್ಲಿ ಟೇಪು ಬದಲಾಗಿರಬಹುದು, ಅಳತೆ ಬದಲಾಗಿಲ್ಲ. ಅವರ ಟೇಪಿನಲ್ಲಿ ಇಂಚಿನ ಕಡೆ ನಿಚ್ಚಳವಾಗಿದೆ, ಸೆಂಟಿಮೀಟರ್ ಕಡೆ ಹೆಬ್ಬೆರಳು ಒತ್ತಿ ಒತ್ತಿ ಅಳಿಸಿಹೋಗಿದೆ. ಅದನ್ನು ನೋಡಿದಾಗಲೇ ಅನಿಸಿತು, ನನಗೆ ನನ್ನದೇ ಒಂದು ಬೇಕು, ಎರಡೂ ಕಡೆ ಕಾಣೋದು.

ಈಗ ಟೇಪಿನ ವಿಷಯ.

ಎಳೆದರೆ ಪಟ್ಟಿ ಗಟ್ಟಿಯಾಗಿ ನಿಲ್ಲುತ್ತದೆ. ಆಸರೆ ಇಲ್ಲದೆ ಗಾಳಿಯಲ್ಲಿ ಸುಮಾರು ಒಂದೂವರೆ ಮೀಟರ್ ತನಕ ಬಾಗದೆ ಹೋಗುತ್ತದೆ, ಆಮೇಲೆ ಮುರಿದ ಹಾಗೆ ಬಗ್ಗುತ್ತದೆ. ಒಬ್ಬರೇ ಕಿಟಕಿ ಅಳೆಯೋಕೆ ಇಷ್ಟು ಸಾಕು. ಲಾಕ್ ಚೆನ್ನಾಗಿದೆ, ಎಂಟು ತಿಂಗಳಾದರೂ ಜಾರಿಲ್ಲ. ಇಂಚಿನ ಅಂಚಿನಲ್ಲಿ ಪ್ರತಿ ಹನ್ನೆರಡಕ್ಕೆ ಕೆಂಪು ಗುರುತು ಹಾಕಿ ಅಡಿಯನ್ನೂ ಬೇರೆ ತೋರಿಸಿದ್ದಾರೆ, ಇದು ಬಹಳ ಉಪಯೋಗ. ಕೆಲವು ಟೇಪುಗಳಲ್ಲಿ ಬರೀ ಇಂಚು ಓಡುತ್ತಾ ಹೋಗುತ್ತದೆ, 137 ಇಂಚು ಅಂದರೆ ಎಷ್ಟು ಅಡಿ ಅಂತ ನಿಂತು ಲೆಕ್ಕ ಹಾಕಬೇಕು.

ಮೂತಿಗೆ ಇರೋ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಸಡಿಲ ಆಗಿದೆ ಅಂತ ಯಾರೂ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಡಿ. ಅದು ಅಲ್ಲಾಡಲೇಬೇಕು. ಬಾಗಿಲಿನ ಅಂಚಿಗೆ ಕೊಕ್ಕೆ ಸಿಗಿಸಿ ಎಳೆದಾಗ ಅಳತೆ ಕೊಕ್ಕೆಯ ಒಳಮೈಯಿಂದ ಶುರುವಾಗುತ್ತದೆ, ಗೋಡೆಗೆ ಒತ್ತಿ ಹಿಡಿದಾಗ ಹೊರಮೈಯಿಂದ. ಎರಡಕ್ಕೂ ನಡುವೆ ಇರೋದು ಕೊಕ್ಕೆಯ ದಪ್ಪ. ಅಷ್ಟೇ ಅಂತರ ಅದು ಹಿಂದೆ ಮುಂದೆ ಸರಿದು ಎರಡೂ ಸಲ ಸರಿಯಾದ ಅಳತೆ ಕೊಡುತ್ತದೆ. ಕಾಕಾನ ಟೇಪಿನ ಕೊಕ್ಕೆ ಬಡಿದು ಬಿಗಿ ಮಾಡಿದ್ದು, ಹಾಗಾಗಿ ಗೋಡೆಯಿಂದ ಗೋಡೆಗೆ ಅಳೆದಾಗ ನಮ್ಮಿಬ್ಬರ ಅಳತೆ ಸುಮಾರು ಒಂದು ಎಂಎಂ ಬೇರೆ ಬರುತ್ತಿತ್ತು.

ಪಟ್ಟಿಯ ಶುರುವಿನಲ್ಲಿ ಕ್ಲಾಸ್ 2 ಅನ್ನೋ ಗುರುತು ಇದೆ, ರೋಮನ್ ಅಂಕಿಯಲ್ಲಿ. ಆ ದರ್ಜೆಯ ಟೇಪಿಗೆ ಐದು ಮೀಟರಿನಲ್ಲಿ ಒಪ್ಪಿಗೆ ಇರೋ ತಪ್ಪು 1.3 ಎಂಎಂ ಮಾತ್ರ. ಮನೆಯಲ್ಲಿದ್ದ ಹಳೆಯ ಮೂರು ಮೀಟರಿನ ಅಗ್ಗದ ಟೇಪನ್ನು ಪಕ್ಕಕ್ಕಿಟ್ಟು ನೋಡಿದೆ. ಎರಡು ಮೀಟರಿಗೇ ಮೂರು ಎಂಎಂ ಹೆಚ್ಚುಕಡಿಮೆ ಇತ್ತು. ಅದನ್ನ ಮಕ್ಕಳಿಗೆ ಆಡೋಕೆ ಕೊಟ್ಟೆ.

ನನಗೆ ಬೇಸರ ತಂದದ್ದು ಎರಡು. ಒಂದು, ಪೆಟ್ಟಿಗೆಯ ಬೆನ್ನಿಗೆ '+70 ಎಂಎಂ' ಅಂತ ಬರೆದಿದ್ದಾರೆ. ಕಪಾಟಿನ ಒಳಗೆ ಅಳೆಯುವಾಗ ಪೆಟ್ಟಿಗೆಯನ್ನೇ ಗೋಡೆಗೆ ಆನಿಸಿ, ಪಟ್ಟಿಯಲ್ಲಿ ಕಾಣೋ ಅಂಕಿಗೆ ಇದನ್ನು ಕೂಡಿಸಬೇಕು. ಆದರೆ ಇಂಚಿನಲ್ಲಿ ಎಷ್ಟು ಅಂತ ಬರೆದಿಲ್ಲ. 70 ಎಂಎಂ ಅಂದರೆ ಎರಡು ಮುಕ್ಕಾಲು ಇಂಚು ಮತ್ತು ಚೂರು. ಇಂಚಿನಲ್ಲಿ ಕೆಲಸ ಮಾಡೋ ಬಡಿಗನಿಗೆ ಈ ಸೌಲಭ್ಯವೇ ಇಲ್ಲದ ಹಾಗಾಯಿತು, ಅವನು ಪಟ್ಟಿಯನ್ನ ಮೂಲೆಗೆ ಮಡಚಿ ಅಂದಾಜಿನಲ್ಲಿ ಓದುತ್ತಾನೆ. ಎರಡನೆಯದು, ಮೊದಲ ಹತ್ತು ಇಂಚಿನ ಅಚ್ಚು ಈಗಾಗಲೇ ಮಸುಕಾಗಿದೆ. ಉಸುಕಿನ ಕೈಯಲ್ಲಿ ಎಳೆದು ಹಾಗೇ ಒಳಗೆ ಬಿಟ್ಟರೆ ಉಜ್ಜಿ ಅಳಿಸುತ್ತದೆ. ಒಳಗೆ ಬಿಡುವಾಗ ಬಟ್ಟೆಯಲ್ಲಿ ಹಿಡಿದು ಒರೆಸಿ, ಜಾಸ್ತಿ ದಿನ ಬಾಳುತ್ತದೆ.

ಇನ್ನು ಇಂಚು ಸರಿಯೋ, ಎಂಎಂ ಸರಿಯೋ ಅನ್ನೋ ಮಾತು. ಎಂಟು ತಿಂಗಳಲ್ಲಿ ಇದು ನನ್ನ ತಲೆಯಲ್ಲಿ ತುಂಬಾ ಓಡಿದೆ.

ಕಟ್ಟಡದ ಕೆಲಸದಲ್ಲಿ ಒಂದೇ ಸಾಮಾನಿಗೆ ಎರಡು ಅಳತೆ. ಪ್ಲೈವುಡ್ ಹಾಳೆ 8×4, ಅದು ಅಡಿ. ಅದರ ದಪ್ಪ 18, ಅದು ಎಂಎಂ. ಇಳಕಲ್ ಗ್ರಾನೈಟ್ ಕೊಳ್ಳೋದು ಚದರ ಅಡಿಗೆ, ದಪ್ಪ ಕೇಳೋದು ಎಂಎಂನಲ್ಲಿ. ರಾಡಿನ ದಪ್ಪ 8, 10, 12 ಎಂಎಂ, ಉದ್ದ ಮಾತ್ರ 'ನಲವತ್ತು ಫೂಟು'. ನಿಜಕ್ಕೂ ಅದು 12 ಮೀಟರ್, ಅಳೆದರೆ 39 ಅಡಿ 4 ಇಂಚು ಬರುತ್ತದೆ. ಖಡಿ (ಜಲ್ಲಿ), ಉಸುಕು ಬ್ರಾಸ್ ಲೆಕ್ಕ, ಒಂದು ಬ್ರಾಸ್ ಅಂದರೆ 100 ಘನ ಅಡಿ. ಅದಕ್ಕೆ ಬೆರೆಸೋ ಸಿಮೆಂಟ್ 50 ಕೆಜಿ ಚೀಲ. ಬಟ್ಟೆಯಲ್ಲೂ ಹಾಗೇ, ಉದ್ದ ಮೀಟರಿನಲ್ಲಿ ಹರೀತಾರೆ, ಪನ್ನಾ, ಅಂದರೆ ಅಗಲ, ಕೇಳಿದರೆ 44 ಅಂತಾರೆ, ಅದು ಇಂಚು.

ಪೈಪಿನದು ಇನ್ನೂ ಸೂಕ್ಷ್ಮ. ಬಚ್ಚಲಿನ ನೀರು ಹೋಗೋ ಪೈಪನ್ನ ಎಲ್ಲರೂ 'ನಾಲ್ಕಿಂಚಿನ ಪೈಪು' ಅಂತಾರೆ. ಅದರ ಹೊರಗಿನ ಅಗಲ 110 ಎಂಎಂ. ನಾಲ್ಕು ಇಂಚು ಅಂದರೆ 101.6. ಸ್ಲ್ಯಾಬಿನಲ್ಲಿ ನಾಲ್ಕು ಇಂಚಿನ ತೂತು ಬಿಟ್ಟರೆ ನಾಲ್ಕಿಂಚಿನ ಪೈಪು ಒಳಗೆ ಹೋಗಲ್ಲ! ನಮ್ಮ ಪ್ಲಂಬರ್ ಇದನ್ನ ಮೊದಲೇ ಹೇಳಿದ, ಹಾಗಾಗಿ ಉಳಿದೆವು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಡೆಯೋ ಕಷ್ಟ ಅನುಭವಿಸಿದವರಿಗೇ ಗೊತ್ತು.

ಆದರೆ ಇಂಚಿನ ಮೇಲೆ ನನಗೆ ಸಿಟ್ಟಿಲ್ಲ. ಗೌಂಡಿ ಕಾಕಾ ಮತ್ತು ಬಡಿಗ ಇಬ್ಬರೂ ಮಾತಾಡೋದು ಕೇಳಿದರೆ ಅದರ ಚೆಲುವು ತಿಳಿಯುತ್ತದೆ. ಒಂದು ಇಂಚಿಗೆ ಎಂಟು ಸೂತ. "ಏಳ ಇಂಚ ಎರಡೂವರಿ ಸೂತ" ಅಂತ ಒಬ್ಬರು ಏಣಿ ಮೇಲಿಂದ ಕೂಗಿದರೆ ಇನ್ನೊಬ್ಬರು ಕೆಳಗೆ ಪೆನ್ಸಿಲ್ ಗೆರೆ ಹಾಕಿರುತ್ತಾರೆ. ಟೇಪಿನ ಇನ್ನೊಂದು ಅಂಚಿನಲ್ಲಿ ನೋಡಿದರೆ ಅದು 186 ಎಂಎಂ. ಅರ್ಧ ಮಾಡು, ಮತ್ತೆ ಅರ್ಧ ಮಾಡು ಅನ್ನೋ ಕೆಲಸಕ್ಕೆ ಇಂಚು, ಸೂತ ಕೈಗೆ ಒಗ್ಗಿದ ಅಳತೆ. ಹನ್ನೆರಡನ್ನ ಎರಡು, ಮೂರು, ನಾಲ್ಕು, ಆರು ಯಾವುದರಿಂದ ಬೇಕಾದರೂ ಭಾಗಿಸಬಹುದು. ಮತ್ತೆ 10×12 ರೂಮು ಅಂದ ತಕ್ಷಣ ಮಂಚ ಎಲ್ಲಿ, ಕಪಾಟು ಎಲ್ಲಿ ಅಂತ ಕಣ್ಣಿಗೆ ಕಟ್ಟುತ್ತದೆ. 3.05×3.66 ಮೀಟರ್ ಅಂದರೆ ನನಗಂತೂ ಏನೂ ಕಾಣಲ್ಲ.

ಒಂದು ಯೋಚನೆ ಬಂತು. ತೂಕದಲ್ಲಿ ಈ ಗೊಂದಲ ಯಾಕಿಲ್ಲ? 1956ರಲ್ಲಿ ಕಾಯ್ದೆ ಬಂತು, 1958ರ ಅಕ್ಟೋಬರಿನಿಂದ ಕಿಲೋ ಶುರುವಾಯಿತು, ಸೇರು ಛಟಾಕು ನಿಧಾನಕ್ಕೆ ಹೋದವು. ಮಾತಿನಲ್ಲಿ ಮಾತ್ರ ಉಳಿದಿವೆ, ಈಗಲೂ ಕಿರಾಣಿ ಅಂಗಡಿಯಲ್ಲಿ 'ಪಾವಕಿಲೋ ಬೆಲ್ಲ' ಅಂತೀವಲ್ಲ, ಅದರಲ್ಲಿ ಪಾವು ಹಳೆಯದು, ಕಿಲೋ ಹೊಸದು. ನನಗೆ ಅನಿಸೋದು ಇಷ್ಟು: ತಕ್ಕಡಿಯ ಕಲ್ಲನ್ನ ಒಂದು ದಿನದಲ್ಲಿ ಬದಲಾಯಿಸಬಹುದು. ಬೆಲ್ಲ ತಿಂದು ಮುಗಿಯುತ್ತದೆ, ಮುಂದಿನ ಸಲ ಹೊಸ ಕಲ್ಲಿನಲ್ಲಿ ತೂಗಿದರಾಯಿತು. ಮನೆ ಹಾಗಲ್ಲ. ಅಜ್ಜ ಅಡಿಯಲ್ಲಿ ಕಟ್ಟಿದ ಗೋಡೆಗೆ ಮೊಮ್ಮಗ ಬಾಗಿಲು ಕೂರಿಸಬೇಕು. ಹೊಲವೂ ಹಾಗೇ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 40 ಗುಂಟೆಗೆ ಒಂದು ಎಕರೆ. ಈ 33 ಎಲ್ಲಿಂದ ಬಂತು ಅಂದರೆ, ಹಿಂದೆ ಭೂಮಾಪನದ ಸರಪಳಿ 66 ಅಡಿ ಇತ್ತು, ಅದರ ಅರ್ಧ. ಇವತ್ತಿಗೂ ಪಹಣಿಯಲ್ಲಿ ಎಕರೆ, ಗುಂಟೆ ಅಂತಲೇ ಇರೋದು.

ಸೈಟು ತಗೊಳ್ಳೋರು ಇದೊಂದನ್ನ ದಯವಿಟ್ಟು ಗಮನಿಸಿ. ಬಾಯಲ್ಲಿ 30×40 ಅಂತಾರೆ, ನಕ್ಷೆಯಲ್ಲಿ 9×12 ಮೀಟರ್ ಅಂತ ಇರಬಹುದು. ಎರಡೂ ಒಂದೇ ಅಲ್ಲ. 30×40 ಅಂದರೆ 1200 ಚದರ ಅಡಿ. 9×12 ಮೀಟರ್ ಅಂದರೆ 108 ಚದರ ಮೀಟರ್, ಅಂದರೆ ಸುಮಾರು 1162 ಚದರ ಅಡಿ. 37 ಚದರ ಅಡಿಗಿಂತಲೂ ಹೆಚ್ಚು ಕೊರತೆ. ಚದರ ಅಡಿಗೆ ಎರಡು ಸಾವಿರ ಹಿಡಿದರೂ 75 ಸಾವಿರ ರೂಪಾಯಿ. ನನ್ನ ತಂಗಿಯ ಗಂಡ ಒಂದು ಸೈಟು ನೋಡಿಕೊಂಡು ಬಂದಾಗ ಕಾಗದ ಬಿಡಿಸಿ ಇದನ್ನೇ ತೋರಿಸಿದೆ. "ಭಾವಾ, ಇದನ್ನ ಯಾರೂ ಹೇಳೇ ಇಲ್ಲಲ್ಲ" ಅಂದ. ಆಮೇಲೆ ನಕ್ಷೆಯ ಲೆಕ್ಕದಲ್ಲೇ ಮಾತಾಡಿ ರೇಟು ಇಳಿಸಿಕೊಂಡ.

ಇನ್ನೊಂದು ಸಂಗತಿ ಈ ಟೇಪಿನಿಂದಲೇ ನನಗೆ ಮನಸ್ಸಿಗೆ ಇಳಿದದ್ದು. ಪೇಪರಿನಲ್ಲಿ ಮಳೆಗಾಲದಲ್ಲಿ ಜಲಾಶಯದ ಮಟ್ಟ ಕೊಡ್ತಾರಲ್ಲ, ಅಲ್ಲೂ ಈ ಎರಡು ಅಳತೆ ಇದೆ. ಪೂರ್ತಿ ತುಂಬಿದಾಗ ಹಿಡಕಲ್ 2175 ಅಡಿ, ಮಲಪ್ರಭಾ 2079.50 ಅಡಿ, ಆಲಮಟ್ಟಿ ಮಾತ್ರ 519.60 ಮೀಟರ್. ನೀರು ಬಿಡೋದು ಕ್ಯೂಸೆಕ್ಸ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ, ಅದು ಮತ್ತೆ ಅಡಿಯ ಲೆಕ್ಕ. ಬಾಗಲಕೋಟೆಯಲ್ಲಿ 519.60 ಅನ್ನೋ ಸಂಖ್ಯೆ ಸಣ್ಣ ಹುಡುಗರ ಬಾಯಲ್ಲೂ ಇರುತ್ತದೆ. ಕೃಷ್ಣಾ ನದಿ ನೀರಿನ ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಗೆ ಒಪ್ಪಿದ ಎತ್ತರ 524.256 ಮೀಟರ್. ಮೂರು ಅಂಕಿಯ ಈ 256 ಯಾಕೆ ಅಂತ ನನಗೆ ಬಹಳ ವರ್ಷ ತಿಳಿದಿರಲಿಲ್ಲ. ಟೇಪು ತಂದ ಮೇಲೆ ಸುಮ್ನೆ ಒಂದು ದಿನ ಮೊಬೈಲಿನಲ್ಲಿ 0.3048ರಿಂದ ಭಾಗಿಸಿ ನೋಡಿದೆ. 1720 ಅಡಿ ಬಂತು. ಒಂದು ಇಂಚೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಡಿಯಲ್ಲಿ ದುಂಡಗೆ ಇದ್ದ ಸಂಖ್ಯೆ ಮೀಟರಿಗೆ ಬಂದಾಗ ಹಾಗೆ ಕಾಣುತ್ತದೆ.

519.60ಕ್ಕೂ 524.256ಕ್ಕೂ ನಡುವೆ 4.656 ಮೀಟರ್. ನನ್ನ ಟೇಪು ಐದು ಮೀಟರ್. ಮನೆಯ ಹೊರಗೋಡೆಗೆ ಏಣಿ ಇಟ್ಟು ನೆಲದಿಂದ ಟೇಪು ಏರಿಸಿದೆ. 4 ಮೀಟರ್ 65 ಸೆಂಟಿಮೀಟರಿಗೆ ಬಂದಾಗ ಕಿಟಕಿ ದಾಟಿ, ಸಜ್ಜಾ ದಾಟಿ, ಸ್ಲ್ಯಾಬಿಗಿಂತ ಮೇಲೆ ಇದ್ದೆ. ಅಂಚು ತಿರುಗಿಸಿ ನೋಡಿದರೆ 15 ಅಡಿ 3 ಇಂಚು. ಅವ್ವ ಅಂಗಳದಲ್ಲಿ ನಿಂತು ನೋಡುತ್ತಿದ್ದಳು. ಅವಳ ತವರುಮನೆ ಹಿನ್ನೀರಿನ ದಂಡೆಯ ಊರು. "ಅಷ್ಟ ಎತ್ತರ ನೀರ ಬರ್ತಾವೇನಪಾ?" ಅಂತ ಕೇಳಿದಳು. ಮೂವತ್ತು ವರ್ಷದಿಂದ ಆ ಸಂಖ್ಯೆ ಕೇಳುತ್ತಾ ಬಂದಿದ್ದಾಳೆ, ಅದರ ಉದ್ದ ಎಷ್ಟು ಅಂತ ನೋಡಿದ್ದು ಅವತ್ತೇ. ನಾನೂ ಅಷ್ಟೇ.

ಟೈಲ್ಸ್ ಆದ ಮೇಲೆ ನಾನು ಮಾಡಿಕೊಂಡ ಪದ್ಧತಿ ಹೇಳ್ತೀನಿ. ಮಾತು ಅಡಿಯಲ್ಲೇ ಆಡ್ತೀನಿ, ಕಾಕಾನಿಗೆ ಬಡಿಗನಿಗೆ ಅದೇ ಸುಲಭ. ಆದರೆ ಅಂಗಡಿಗೆ ಏನೇ ಬರೆದು ಕಳಿಸಿದರೂ ಎಂಎಂನಲ್ಲೇ. ಸೂತದ ಲೆಕ್ಕ ಬಾಯಿಂದ ಬಾಯಿಗೆ ಹೋಗುವಾಗ ಕೂಡಿಸೋದು ಕಳೆಯೋದು ತಪ್ಪುತ್ತದೆ, 2134 ಅನ್ನೋ ಅಂಕಿಯನ್ನ ತಪ್ಪಾಗಿ ಓದೋದು ಕಷ್ಟ. ಕಾನೂನು ಮಾಪನಶಾಸ್ತ್ರದ 2009ರ ಕಾಯ್ದೆಯೂ ವ್ಯಾಪಾರಕ್ಕೆ ಮೆಟ್ರಿಕ್ ಅಳತೆಯನ್ನೇ ಹೇಳುತ್ತದೆ, ಡಬ್ಬಿ ಮೇಲೆ ಅಳತೆ ಎಂಎಂನಲ್ಲಿ ಇರೋದಕ್ಕೆ ಅದೂ ಒಂದು ಕಾರಣ. ಬಿಲ್ಲಿನಲ್ಲಿ 2×2 ಅಂತ ಬರೆದರೆ ಡಬ್ಬಿಯ ಅಳತೆಯನ್ನೂ ಬರೆಸಿಕೊಳ್ಳಿ. ಟೈಲ್ಸಿಗೆ ಒಂದು ಡಬ್ಬಿ 16 ಚದರ ಅಡಿ ಅಲ್ಲ, ಹದಿನೈದೂವರೆ ಅಂತ ಹಿಡಿಯಿರಿ. ಮೊದಲು ಜೋಡಣೆ ಕಾಗದದ ಮೇಲೆ ಬಿಡಿಸಿ ನೋಡಿ, ಆಮೇಲೆ ಆರ್ಡರ್ ಕೊಡಿ.

ಹೀಗೆ ಮಾಡಿದ ಮೇಲೆ ಕಿಚನ್, ಎರಡು ವಾರ್ಡ್‌ರೋಬ್, ಏಳು ಕಿಟಕಿಯ ಗ್ರಿಲ್ ಎಲ್ಲ ಒಂದೇ ಸಲಕ್ಕೆ ಕೂತವು. ವಾಷಿಂಗ್ ಮಷಿನ್ನಿಗೆ ಬಡಿಗ ಎರಡು ಅಡಿ ಜಾಗ ಬಿಟ್ಟಿದ್ದ, ಮಷಿನ್ 600 ಎಂಎಂ. ಹಾಲ್‌ನಲ್ಲಿ ಕಾಡಿದ ಅದೇ ಒಂಬತ್ತೂವರೆ ಎಂಎಂ ಇಲ್ಲಿ ಕೈ ಹಿಡಿಯಿತು, ಎರಡೂ ಕಡೆ ಬೆರಳು ಹೋಗುವಷ್ಟು ಅಲ್ಲದಿದ್ದರೂ ಮಷಿನ್ ಉಜ್ಜದೆ ಒಳಗೆ ಹೋಯಿತು.

ಲೇಸರ್ ಅಳತೆಯ ಯಂತ್ರವನ್ನೂ ಒಬ್ಬರ ಹತ್ತಿರ ಇಸಕೊಂಡು ನೋಡಿದೆ. ಗುಂಡಿ ಒತ್ತಿದರೆ ಅಡಿ, ಇನ್ನೊಮ್ಮೆ ಒತ್ತಿದರೆ ಮೀಟರ್. ದೊಡ್ಡ ರೂಮಿಗೆ ಚೆನ್ನಾಗಿದೆ. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ಹೊರಗೆ ಅದರ ಕೆಂಪು ಚುಕ್ಕೆ ಕಾಣೋದೇ ಇಲ್ಲ. ಮತ್ತೆ ಅದು ಒಂದು ಸಲಕ್ಕೆ ಒಂದೇ ಅಂಕಿ ತೋರಿಸುತ್ತದೆ. ಟೇಪಿನಲ್ಲಿ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ನನಗೆ ಬೇಕಾಗಿರೋದು ಅದೇ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಅಂಕ ಕಡಿಮೆ ಆಗಿದ್ದು ಆ 70 ಎಂಎಂಗೆ ಮತ್ತು ಅಳಿಸೋ ಅಚ್ಚಿಗೆ. ಎರಡು ವಾರದ ಹಿಂದೆ ಗೌಂಡಿ ಕಾಕಾ ಬಂದು "ನಿಮ್ಮಂಥಾದ ಒಂದ ನನಗೂ ತಂದ ಕೊಡ್ರಿ, ಈಗ ಎಲ್ಲಾರೂ ಎಂಎಂ ಎಂಎಂ ಅಂತಾರ" ಅಂದರು. ತಂದುಕೊಟ್ಟೆ. ಅಂಗಡಿಯಲ್ಲಿ ಕೇಳುವಾಗ ಡಬ್ಬಿ ನೋಡಿ ತಗೋಬೇಡಿ, ಟೇಪನ್ನ ಪೂರ್ತಿ ಎಳೆದು ನೋಡಿ. ಎರಡೂ ಅಂಚಿನ ಅಚ್ಚು ಕೊನೆ ತನಕ ಇದೆಯಾ, ಅಡಿಯ ಗುರುತು ಬೇರೆ ಇದೆಯಾ, ಕೊಕ್ಕೆ ಚೂರು ಅಲ್ಲಾಡುತ್ತದೆಯಾ, ಇಷ್ಟು ಸಾಕು. ಇನ್ನೊಂದು ಟೇಪು ಕೇಳಿ ಪಕ್ಕಕ್ಕಿಟ್ಟು 300 ಸೆಂಟಿಮೀಟರಿಗೆ ಎರಡೂ ಸಮ ಬರುತ್ತವಾ ಅಂತಲೂ ನೋಡಿ. ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ, ನಾನು ಎರಡನೇ ಸಲ ಹೋದಾಗ ಅವರೇ ಇನ್ನೊಂದು ತೆಗೆದು ಕೊಟ್ಟರು.